ಗುಳಿಗೆ ನುಂಗಿದ ಮೇಲಿನ ಮಾತು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಶಿರಂಗಾಲದ ಜವರಿ ತಿತಿಮತಿ ಕಡೆಯ ಇಪ್ಪತ್ತು ಹಾಸಿಗೆಯ ಆಸ್ಪತ್ರೆಗೆ ನರ್ಸಾಗಿ ಸೇರಿ ಒಂದು ತಿಂಗಳಾಗಿತ್ತು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅದಕ್ಕೆ ಮೊದಲು ಮೇಟ್ರನ್ ವನಜಮ್ಮನವರು ಎರಡು ವರ್ಷ ಜೊತೆಯಲ್ಲಿಟ್ಟುಕೊಂಡು ಕೆಲಸ ಕಲಿಸಿದ್ದರು. ಹೊಸಬರಿಗೆ ಮೊದಲ ತಿಂಗಳು ಹಗಲು ಪಾಳಿ. ಆಮೇಲೆ ಹಗಲೋ ರಾತ್ರಿಯೋ ಹೊಸಬರೇ ಆರಿಸಿ ಹೇಳಬೇಕು. ಒಮ್ಮೆ ಹೇಳಿದರೆ ವರ್ಷವಿಡೀ ಅದೇ.

ಜವರಿ ರಾತ್ರಿಯೆಂದು ಎಂದೋ ನಿಶ್ಚಯಿಸಿಬಿಟ್ಟಿದ್ದಳು. ಹಗಲಾದರೆ ಡಾಕ್ಟರ್ ದೇರಪ್ಪನವರು ಬಂದಾಗ ಪ್ರತಿ ಹಾಸಿಗೆಯ ಮುಂದೆ ನಿಂತು ರೋಗಿಯ ವಿಷಯ ಗಟ್ಟಿಯಾಗಿ ಒಪ್ಪಿಸಬೇಕು. ಅವರ ಬೂಟಿನ ಸದ್ದು ಕೇಳಿದರೇ ಅವಳ ನಾಲಿಗೆ ಒಣಗುತ್ತಿತ್ತು. ಅವಳ ಪಾಲಿನದನ್ನೂ ವನಜಮ್ಮನವರೇ ಒಪ್ಪಿಸಿ, "ಬಾಯಿ ಊರಲ್ಲೇ ಬಿಟ್ಟು ಬಂದಿದ್ದೀಯೇನೇ?" ಎಂದು ಗೊಣಗುತ್ತಿದ್ದರು. ರಾತ್ರಿ ಪಾಳಿಗೆ ಆ ಕಾಟವಿಲ್ಲ. ಪುಸ್ತಕದಲ್ಲಿ ಬರೆದಿಟ್ಟರಾಯಿತು.

ಶನಿವಾರ ಬೆಳಿಗ್ಗೆ ವನಜಮ್ಮ, "ಹಗಲೋ ರಾತ್ರಿಯೋ ಸಂಜೆಯೊಳಗೆ ಹೇಳು, ಪಾಳಿಯ ಪಟ್ಟಿ ಹಾಕಬೇಕು" ಎಂದರು.

ಅವತ್ತೇ ಡಾಕ್ಟರು ನಾಲ್ಕನೇ ಹಾಸಿಗೆಯ ಮಾರಿಯ ಹಣೆ ಮುಟ್ಟಿ ಹುಬ್ಬು ಗಂಟಿಕ್ಕಿದರು. ಮಾರಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಇರುವ ಹೆಂಗಸು; ಮಲೇರಿಯಾ. "ಐದು ದಿನದಿಂದ ಗುಳಿಗೆ ಹೋಗ್ತಾ ಇದೆ, ಜ್ವರ ಇಳೀತಾ ಇಲ್ಲ. ನಾಳೆಯಿಂದ ಇಂಜೆಕ್ಷನ್."

ಮಧ್ಯಾಹ್ನ ಜವರಿ ಗುಳಿಗೆ ಕೊಟ್ಟಳು. ಮಾರಿ ಬಾಯಿಗೆ ಹಾಕಿಕೊಂಡು ನೀರು ಎತ್ತಿದಳು. ಲೋಟ ಬರಿದಾಗಲಿಲ್ಲ, ಗಂಟಲೂ ಅಲುಗಲಿಲ್ಲ. ಯಾವಾಗಲೂ ಮುಂದಿನ ಹಾಸಿಗೆಗೆ ಹೋಗಿಬಿಡುವ ಜವರಿ ಅಲ್ಲೇ ನಿಂತಳು. ಸೆರಗಿನ ತುದಿಯಲ್ಲೊಂದು ಗಂಟು ಕಂಡಿತು. ಬೆರಳು ತೋರಿಸಿದಳು.

"ಎಲೆಯಡಿಕೆ" ಎಂದು ತೊದಲಿದಳು ಮಾರಿ, ಗುಳಿಗೆಯನ್ನು ಒಂದು ಕೆನ್ನೆಯಲ್ಲಿ ಒತ್ತಿಕೊಂಡೇ.

ಜವರಿ ಕೈ ಚಾಚಿಕೊಂಡೇ ನಿಂತಳು. ಕೊನೆಗೆ ಗಂಟು ಬಿಚ್ಚಿತು. ಹನ್ನೊಂದು ಗುಳಿಗೆಗಳು, ಮೇಲಿನ ಸಕ್ಕರೆ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಇದೇನು?"

"ಅಬ್ಬಾ, ಮಾತು ಬರ್ತದೆ ನಿಂಗೆ!" ಮಾರಿ ಬಾಯಲ್ಲಿದ್ದುದನ್ನೂ ಅಂಗೈಗೆ ಉಗಿದಳು. "ನಮ್ಮನೆಯವರಿಗೂ ಜ್ವರ, ನರ್ಸಮ್ಮ. ದನ ಬಿಟ್ಟು ಬರಾಕಿಲ್ಲ ಅಂತ ಕೂತವ್ರೆ. ಅವರಿಗೇಂತ ಇಟ್ಟೆ."

"ನಾನು ನೋಡ್ತಿದ್ದಾಗಲೇ?"

"ನೀನು ಬರೀ ನೋಡ್ತೀಯ. ನಮ್ಮ ಎಸ್ಟೇಟಲ್ಲಿ ಲೆಕ್ಕ ಬರಿಯೋ ರೈಟ್ರು ಗುಳಿಗೆ ಕೊಟ್ಟ ಕೂಡ್ಲೆ 'ಹೆಸರು ಹೇಳು, ಊರು ಹೇಳು' ಅಂತಾರೆ. ಬಾಯಲ್ಲಿ ಗುಳಿಗೆ ಇಟ್ಕೊಂಡು ಊರು ಹೇಳಾಕಾಯ್ತದಾ? ನುಂಗಲೇಬೇಕು. ಗಂಡನ ಹೆಸರು ಹೇಳು ಅಂತ ಕೀಟಲೆ ಬೇರೆ. ನೀನು ಏನೂ ಕೇಳಲ್ಲ." ಪಕ್ಕದ ಹಾಸಿಗೆಯತ್ತ ಕತ್ತು ಹೊರಳಿಸಿದಳು. "ನಾನೊಬ್ಬಳೇನಾ? ಈ ಹುಚ್ಚಮ್ಮನ್ನ ಕೇಳು."

ಹುಚ್ಚಮ್ಮ ಗೋಡೆಯ ಕಡೆ ತಿರುಗಿ ಕಂಬಳಿ ಎಳೆದುಕೊಂಡಳು. ಅವಳ ದಿಂಬಿನಡಿಯಲ್ಲಿ ಆರು ಗುಳಿಗೆ ಸಿಕ್ಕಿದವು.

ಸಂಜೆ ಡಾಕ್ಟರು ಮತ್ತೆ ಮಾರಿಯ ಹಾಸಿಗೆಗೆ ಬಂದಾಗ ವನಜಮ್ಮ ಎಂದಿನಂತೆ ಬಾಯಿ ತೆರೆದರು. ಜವರಿ ಮುಂದೆ ಬಂದು ಗುಳಿಗೆಗಳಿದ್ದ ಅಂಗೈ ಚಾಚಿದಳು.

"ಇಂಜೆಕ್ಷನ್ ಬೇಡ, ಸಾರ್. ಇವರು... ಇವರು ಗುಳಿಗೆ ನುಂಗೇ ಇಲ್ಲ."

ದೇರಪ್ಪನವರು ಅಂಗೈಯನ್ನೂ ಅವಳ ಮುಖವನ್ನೂ ನೋಡಿದರು. "ಐದು ದಿನ ಕೊಟ್ಟವರು ಯಾರು?"

ಇಡೀ ವಾರ್ಡು ಕೇಳುತ್ತಿತ್ತು. ಬೇರೆ ಯಾರ ಹೆಸರಾದರೂ ಬಾಯಿಗೆ ಬಂದೀತೇ ಎಂದು ಅವಳು ಒಂದು ಕ್ಷಣ ಕಾದದ್ದು ನಿಜ.

"ನಾನೇ. ಮಾತಾಡಿಸಬೇಕಾಗಿತ್ತು, ಮಾತಾಡಿಸಲಿಲ್ಲ. ಆಮೇಲೆ, ಇವರ ಗಂಡನಿಗೂ ಜ್ವರ."

"ಅವನಿಗೆ ಬೇರೆ ಗುಳಿಗೆ ಕಳಿಸಿ, ಮೇಟ್ರನ್" ಎಂದರು ಡಾಕ್ಟರು. ಆಮೇಲೆ ಜವರಿಯತ್ತ ತಿರುಗಿ, "ಇನ್ನೊಂದು ಸಲ ಹೀಗಾದ್ರೆ ನೀನು ಊರಿಗೆ ಹೊರಡಬೇಕಾಗ್ತದೆ" ಎಂದು ಐದನೇ ಹಾಸಿಗೆಗೆ ನಡೆದರು. ಅಷ್ಟೇ. ಅವಳ ರವಿಕೆ ಬೆನ್ನಿಗೆ ಅಂಟಿಹೋಗಿತ್ತು.

ಕೋಣೆಯಲ್ಲಿ ವನಜಮ್ಮ ಪಟ್ಟಿ ಬಿಡಿಸಿಟ್ಟು ಪೆನ್ನು ತೆಗೆದರು. "ರಾತ್ರಿ ತಾನೇ?"

"ಗುಳಿಗೆ ಕೊಡೋದು ಮೂರು ಹೊತ್ತೂ ಹಗಲಲ್ಲೇ ಅಲ್ವಾ, ಅಮ್ಮಾವ್ರೆ?"

"ಹೌದು. ಅದಕ್ಕೇನೀಗ? ಹೊಸದಾಗಿ ಬರೋ ಹುಡುಗಿ ಕೊಡ್ತಾಳೆ."

"ಕೊಟ್ಟ ಮೇಲೆ ಮಾತಾಡಿಸಬೇಕು ಅಂತ ಅವಳಿಗೂ ಗೊತ್ತಿರಲ್ಲ."

"ಹಗಲು ಅಂದ್ರೆ ದಿನಾ ಡಾಕ್ಟರ ಮುಂದೆ ನೀನೇ ಒಪ್ಪಿಸಬೇಕು. ಇನ್ನು ನಾನು ಹೇಳಲ್ಲ, ನೋಡು. ಒಂದು ವರ್ಷ."

ಜವರಿ ಲೆಕ್ಕ ಹಾಕಿದಳು: ಇಪ್ಪತ್ತು ಹಾಸಿಗೆ, ದಿನವೂ.

"ಹಗಲೇ ಬರೀರಿ" ಎಂದಳು.