ಸೊಸೆಯ ಕೈಯ ಬುಟ್ಟಿ

“ಮೂತಿ ಒಳಗಿಡೇ, ದರಿದ್ರದವಳೇ! ಬುಟ್ಟಿ ಕೊಳ್ಳೋರು ನಿನ್ನ ಮುಖ ನೋಡಿ ಊಟ ಬಿಡ್ಬೇಕಾ?”

ಧಣಿ ಗದರಿದರು. ಬುಟ್ಟಿ ಹೆಣೆಯುವವಳು ತಲೆ ತಗ್ಗಿಸಿ ಅವರ ಸೊಸೆಯ ಬೆನ್ನಿಗೆ ಅಂಟಿ ಕೂತಳು. ಸೊಸೆಯ ರೇಷ್ಮೆ ಅಂಗಿಯ ಬೆನ್ನನ್ನು ಬೇಕೆಂದೇ ಸೀಳಿದ್ದರು. ಆಕೆ ತನ್ನ ಕೈಗಳನ್ನು ಒಳಗೇ ಹೊಟ್ಟೆಗೆ ಅವುಚಿಕೊಂಡಿದ್ದಳು. ಆ ಸೀಳಿನಲ್ಲಿ ತೂರಿ ಅಂಗಿಯ ತೋಳುಗಳಿಂದ ಹೊರಬಂದದ್ದು ಹೆಣೆಯುವವಳ ಕೈಗಳು. ಬೆರಳಿನ ಸೀಳುಗಳಿಗೆ ಕ್ರೀಮು ಮೆತ್ತಿ, ಉಗುರಿಗೆ ಬಣ್ಣ ಬಳಿದಿದ್ದರು.

ಇವತ್ತು ಬುಟ್ಟಿ ಮಾರಲು ಧಣಿ ಮಾಡಿಸಿದ ಆನ್‌ಲೈನ್ ಪೋರ್ಟಲ್ ತೆರೆಯುವ ದಿನ. ಮೊದಲ ಪುಟದಲ್ಲೇ ನೇರ ಪ್ರಸಾರ: ‘ನಮ್ಮ ಸೊಸೆಯ ಕೈ, ನಿಮ್ಮ ಮನೆಯ ಬುಟ್ಟಿ.’

ಪೋರ್ಟಲ್ ಕಟ್ಟಿದವನು ಮೊದಲೇ ಹೇಳಿದ್ದ: “ಸಾರ್, ಹೆಣೆಯೋರನ್ನೇ ತೋರಿಸಿಬಿಡೋಣ.”

“ತೋರಿಸಿದ್ರೆ ಗಿರಾಕಿ ನೆಟ್ಟಗೆ ಅವರ ಮನೆಗೇ ಹೋಗ್ತಾನೆ. ನಾನೇನು ನೊಣ ಹೊಡೀತಾ ಕೂತಿರ್ಲಾ?”

ಊರಿನ ಬೆತ್ತವೆಲ್ಲ ಧಣಿಯ ಗೋದಾಮಿನದೇ. ಸೊಸೆಯ ಬೆನ್ನಿಗೆ ಕೂರದಿದ್ದರೆ ನಾಳೆಯಿಂದ ಒಂದೆಳೆಯೂ ಇಲ್ಲ ಎಂದಿದ್ದರು.

ಬಾಗಿಲಲ್ಲಿ ಬೆತ್ತ ನೆನೆಸುತ್ತಿದ್ದ ಹೆಣೆಯುವವಳ ಅತ್ತೆ ಗೊಣಗಿದಳು: “ನನ್ನ ಸೊಸೆ ಕೈ, ಅವರ ಸೊಸೆ ಮುಖ. ಎರಡು ಮನೆಗೂ ಸೇರಿ ಒಂದೇ ಸೊಸೆ ಸಾಕಾಯ್ತು ನೋಡು!”

ಕ್ಯಾಮೆರಾದ ಕೆಂಪು ದೀಪ ಹೊತ್ತಿತು.

“ಇದು ನನ್ನಜ್ಜಿ ಕಲಿಸಿದ ಕೆಲಸ,” ಎಂದು ಧಣಿಯ ಸೊಸೆ ನಕ್ಕಳು. ಕೈಗಳು ಕಣ್ಣಿನ ಹಂಗಿಲ್ಲದೆ ಹೆಣೆದವು. ಅಂಚು ಬಂತು.

ಅಂಚು ಕಟ್ಟುವಾಗ ಎರಡೂ ಕೈ ಬುಟ್ಟಿಯನ್ನು ಬಿಗಿಹಿಡಿದಿರಬೇಕು; ಬೆತ್ತದ ತುದಿಯನ್ನು ಹಲ್ಲಲ್ಲೇ ಕಚ್ಚಿ ಜಗ್ಗಬೇಕು. ಇದು ಉಸಿರಾಟದಷ್ಟು ಸಹಜವಾಗಿದ್ದರಿಂದ ಹೇಳಬೇಕೆಂದು ಹೆಣೆಯುವವಳಿಗೆ ತೋಚಿರಲೇ ಇಲ್ಲ. ಅಭ್ಯಾಸಬಲದಿಂದ ಕೈಗಳು ಬುಟ್ಟಿಯನ್ನು ಬಾಯಿಗೆ ಎತ್ತಿದವು. ಅಲ್ಲಿದ್ದದ್ದು ಸೊಸೆಯ ಬಾಯಿ.

“ಕಚ್ಚಿ ಮೇಡಂ, ಕಚ್ಚಿ!” ಪೋರ್ಟಲಿನವನು ಪಿಸುಗುಟ್ಟಿದ.

“ಥೂ! ಇವರು ಮುಟ್ಟಿದ್ದನ್ನ ನಾನು ಬಾಯಿಗಿಡ್ಲಾ, ಮಾವಾ?”

ಬೆನ್ನ ಹಿಂದಿನಿಂದ ದನಿ ಬಂತು: “ನೀವು ಹಣ್ಣಿಟ್ಟು ತಿನ್ನೋ ಬುಟ್ಟಿನೂ ನನ್ನ ಹಲ್ಲಲ್ಲೇ ಕಚ್ಚಿದ್ದು ಕಣವ್ವಾ.”

ಮರುಕ್ಷಣ ಕೈಗಳು ಹಿಂದಕ್ಕೆ ಸರಿದವು. ತೆರೆಯ ಮೇಲೆ ರೇಷ್ಮೆಯ ಎರಡು ಖಾಲಿ ತೋಳು ಜೋತುಬಿದ್ದವು. ಬುಟ್ಟಿ ಮಡಿಲಿಗೆ ಉರುಳಿತು. ‘ಅಯ್ಯೋ, ಕೈ ಎಲ್ಲಿ?’ ಎಂಬ ನೋಡುಗರ ಪ್ರಶ್ನೆಗಳು ಸಾಲುಸಾಲಾಗಿ ಮೂಡಿದವು.

“ಕೈ ತೂರಿಸೇ, ಬೋಳಿಮಗಳೇ! ಬೆತ್ತ ಬೇಡ್ವಾ ನಿಂಗೆ?”

“ನಿಮ್ಮ ಬೆತ್ತ ನೀವೇ ಹೆಣ್ಕೊಳ್ಳಿ, ಧಣಿ.”

ಅವಳು ಎದ್ದು ಮುಂದೆ ಬಂದಳು. ಬುಟ್ಟಿ ಎತ್ತಿಕೊಂಡು ಕ್ಯಾಮೆರಾದ ಎದುರು ನೆಲಕ್ಕೆ ಕೂತು, ತುದಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗಿದಳು. ಅಂಚು ಕಿರ್ರೆಂದು ಬಿಗಿಯಿತು.

“ನಿಲ್ಸೋ ಅದನ್ನ!” ಧಣಿ ಅರಚಿದರು.

ಪೋರ್ಟಲಿನವನು ತೆರೆಯಿಂದ ಕಣ್ಣು ಕೀಳಲಿಲ್ಲ. “ಸಾರ್… ಇವರ ಮನೆ ಎಲ್ಲಿ ಅಂತ ಕೇಳ್ತಿದ್ದಾರೆ.”

ಅವಳು ಬಾಯೊಳಗಿನ ಸಿಬಿರನ್ನು ಉಗಿದಳು.

“ಗೋದಾಮಿನ ಹಿಂದಿನ ಸಾಲು, ಕೊನೇ ಮನೆ,” ಅಂದಳು ಕ್ಯಾಮೆರಾಗೆ. “ಬೆತ್ತ ಮಾತ್ರ ನೀವೇ ತರ್ಬೇಕು.”