ಮಾವನ ಹೊಗೆ ಪೆಟ್ಟಿಗೆ

ಮರದ ಚಕ್ಕೆಯ ಹೊಗೆಯಲ್ಲಿ ಮಾಂಸವನ್ನು ಮೆಲ್ಲಗೆ ಬೇಯಿಸುವ ಆ ಕರೆಂಟಿನ ಪೆಟ್ಟಿಗೆ ಮನೆಗೆ ಬಂದಾಗಿನಿಂದ ಮಾವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಳಿಯ ಬಂದ ಮೇಲೆ ಬೀದಿಗೆಲ್ಲ ಅವರು ಮಾವನೇ. ಬೆಳಿಗ್ಗೆ ಕೋಳಿಗೆ ಮಸಾಲೆ ಹಚ್ಚಿ ಒಳಗಿಟ್ಟರೆ ಸಂಜೆವರೆಗೂ ಹಿತ್ತಲಲ್ಲಿ ಕಾವಲು. ಬಾಗಿಲು ತೆರೆಯಲು ಯಾರಿಗೂ ಅಪ್ಪಣೆಯಿಲ್ಲ, ಕಾವು ಹೋಗುತ್ತದಂತೆ. ಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದ ಅಳಿಯನನ್ನಂತೂ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಜಂಬದ ಮಾವ ಈಗೊಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದರು. ಈಚೆಗೆ ಬಂದ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಕಾಫಿ, ಸಾಬೂನು, ಹೊಗೆ ಎಲ್ಲ ಒಂದೇ. ಗೊತ್ತಾದರೆ ಪೆಟ್ಟಿಗೆ ಅಳಿಯನ ಪಾಲು. 

"ಮಾವ, ಹೊಗೆನೇ ಕಾಣ್ತಿಲ್ವಲ್ಲ?" ಎಂದು ಒಂದು ಭಾನುವಾರ ಮಧ್ಯಾಹ್ನ ಅಳಿಯ ಇಣುಕಿದ.

"ಒಳ್ಳೆ ಹೊಗೆ ಕಣ್ಣಿಗೆ ಕಾಣಲ್ಲಪ್ಪ. ದಟ್ಟವಾಗಿ ಬಂದ್ರೆ ಮಾಂಸ ಕಹಿಯಾಗುತ್ತೆ. ನೀನು ಹೋಗಿ ತಟ್ಟೆ ತೊಳಿ."

ಮಾತು ಸುಳ್ಳಲ್ಲ, ಒಳ್ಳೆಯ ಹೊಗೆ ತೆಳ್ಳಗೇ ಇರುತ್ತದೆ. ಆದರೆ ತೆಳ್ಳಗಿದೆಯೋ, ಇಲ್ಲವೇ ಇಲ್ಲವೋ ಎಂದು ಹೇಳಬೇಕಾದ ಮೂಗು ರಜೆಯ ಮೇಲಿತ್ತು.

ಸಂಜೆ ಊಟಕ್ಕೆ ಕೂತಾಗ ಮಗಳು ಮೊದಲ ತುಂಡು ಬಾಯಿಗಿಟ್ಟು, "ಅಪ್ಪ, ಇವತ್ತು ಹೊಗೆ ಹದವಾಗಿ ಹತ್ತಿದೆ," ಎಂದಳು. ಅಳಿಯ ಕಣ್ಣು ಮುಚ್ಚಿ ತಲೆದೂಗಿದ. ಮಾವನ ಹೆಂಡತಿ ಇನ್ನೊಂದು ತುಂಡು ಹಾಕಿಸಿಕೊಂಡರು. ಮಾವ ಉಬ್ಬಿಹೋದರು. ಅದೇ ಉಬ್ಬಿನಲ್ಲಿ ಬೂದಿ ಚೆಲ್ಲಲೆಂದು ಹಿತ್ತಲಿಗೆ ಹೋಗಿ, ಪೆಟ್ಟಿಗೆಯ ಚಕ್ಕೆ ತಟ್ಟೆಯನ್ನು ಎಳೆದರು. ಬೂದಿಯೇ ಇರಲಿಲ್ಲ. ಬೆಳಿಗ್ಗೆ ತಟ್ಟೆಯನ್ನು ಅರ್ಧಕ್ಕೇ ತಳ್ಳಿದ್ದರು. ಕಾಯುವ ಸರಳಿನ ಶಾಖ ಕೋಳಿಯನ್ನು ಬೇಯಿಸಿತ್ತು, ತಟ್ಟೆಯನ್ನು ಮುಟ್ಟಿರಲಿಲ್ಲ. ಚಕ್ಕೆಗಳು ಹಾಕಿದ ಹಾಗೇ ಬೆಳ್ಳಗೆ ಕೂತಿದ್ದವು.

ಮಾವ ತಟ್ಟೆಯನ್ನು ತಂದು ಊಟದ ಮೇಜಿನ ನಡುವೆ ಇಟ್ಟರು. ಮೂವರೂ ಅಗಿಯುವುದನ್ನು ನಿಲ್ಲಿಸಿದರು.

"ನನ್ನ ಮೂಗಿನ ವಿಷಯ ಯಾವಾಗ ಗೊತ್ತಾಯ್ತು?" ಎಂದರು ಮಾವ.

"ಹಾಲು ಸೀದು ಮನೆಯೆಲ್ಲ ನಾರ್ತಿದ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಲ್ಲ, ಅವತ್ತೇ," ಎಂದರು ಹೆಂಡತಿ.

"ಇವನಿಗೆ?"

"ಅತ್ತೆ ಹೇಳಿದ್ರು," ಎಂದ ಅಳಿಯ, ತಟ್ಟೆಯಿಂದ ತಲೆಯೆತ್ತದೆ. "ಬಾಯಿ ಬಿಟ್ರೆ ಊಟ ಇಲ್ಲ ಅಂದ್ರು."

ಮಾವನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಹೊಗೆಯೇ ಹತ್ತದ ಕೋಳಿಯನ್ನು ಬಾಯಿ ಚಪ್ಪರಿಸಿಕೊಂಡು ತಿಂದ ಈ ಮೂವರು ಕಳ್ಳರು ತನ್ನವರು ಎಂದು ಎದೆ ತುಂಬಿ ಬಂತು. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವರು. ಒಂದು ತುಂಡು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದು ಅಳಿಯನ ಕಡೆ ತಿರುಗಿದರು.

"ಮುಂದಿನ ವಾರ ಬೆಳಿಗ್ಗೆನೇ ಬಂದು ನನ್ನ ಪಕ್ಕ ಕೂತ್ಕೋ. ಮೂಗು ನಿಂದು. ಪೆಟ್ಟಿಗೆ ಮಾತ್ರ ನಂದೇ."