ಹೆಸರು ಹೇಳಬಾರದ ಕಷಾಯ

ಅಂದು ಬೆಳಿಗ್ಗೆ ಮಸರಕಲ್ ಊರಿನ ಮೇಲೆ ಮೋಡ ಮುಸುಕಿತ್ತು. ಮಳೆ ತರುವ ಮೋಡವಲ್ಲ. ಬಿಸಿಲನ್ನು ತಡೆದು ಸುಮ್ಮನೆ ನಿಲ್ಲುವ ಮೋಡ. ಗಾಳಿ ಆಡದ್ದಕ್ಕೆ ಒಲೆಯ ಹೊಗೆ ಮೇಲೇರದೆ ಓಣಿಯಲ್ಲೇ ತಿರುಗಾಡುತ್ತಿತ್ತು. ಆ ಹೊಗೆಯ ಸಂಗಡ ಜಂಬಮ್ಮನ ಅಡುಗೆಮನೆಯ ಕಹಿ ವಾಸನೆಯೂ ಹೋಗಿ, ಬಳೆ ಮಾರುವ ರಂಜಾನಬಿಯ ಬಾಗಿಲು ಮುಟ್ಟಿತು.

ರಂಜಾನಬಿ ಎದ್ದು ಬಂದಳು. ಜಂಬಮ್ಮ ತಲೆಗೆ ಸೆರಗು ಹೊದ್ದು ಗೋಡೆಗೆ ಒರಗಿ ಕುಳಿತಿದ್ದಳು. ಆಕೆಗೆ ಎದೆಯ ಕ್ಯಾನ್ಸರ್. ರಾಯಚೂರಿನ ಆಸ್ಪತ್ರೆಯಲ್ಲಿ ಎರಡು ಸಲ ಕೀಮೋ ಔಷಧಿ ಏರಿಸಿದ್ದರು, ಕೂದಲು ಉದುರಿತ್ತು. ನಿನ್ನೆ ಮೂರನೆಯ ಸಲಕ್ಕೆ ಹೋದರೆ, ರಕ್ತದ ವರದಿ ನೋಡಿ ಹಾಗೇ ಹಿಂದಕ್ಕೆ ಕಳಿಸಿದ್ದರು.

"ಡಾಕ್ಟರಮ್ಮ ಏನಂದ್ರು?" ಎಂದು ರಂಜಾನಬಿ ಕೇಳಿದಳು.

ಉತ್ತರ ಕೊಟ್ಟವನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಜಂಬಮ್ಮನ ಗಂಡ ದುರುಗಪ್ಪ. "ಲಿವರ್‌ಗೆ ಪೆಟ್ಟು ಬಿದ್ದದಂತ. ಅದು ಸುಧಾರಿಸೋತನ ಕೀಮೋ ಕೊಡಂಗಿಲ್ಲ ಅಂದ್ರು. ಬ್ಯಾರೆ ಏನರ ತಗೊಳ್ಳಾಕತ್ತೀರೇನಮ್ಮ ಅಂತ ಕೇಳಿದ್ರು. ಈಕಿ ಇಲ್ಲ ಅಂದ್ಲು."

"ನೀ ಏನಂದ್ಯೋ ಅಣ್ಣಾ?"

"ನಾ ಮ್ಯಾಲಿನ ಫ್ಯಾನ್ ನೋಡಿದೆ."

ರಂಜಾನಬಿ ಒಲೆಯ ಕಡೆ ತಿರುಗಿದಳು. "ಮತ್ತ ಅಲ್ಲಿ ಕುದಿಯಾಕತ್ತಿದ್ದು ಏನದು?"

"ಅದನ್ನ ಹೇಳಂಗಿಲ್ಲ ಅಕ್ಕಾ," ಎಂದಳು ಜಂಬಮ್ಮ. "ಹೆಸರು ಹೇಳಿದ್ರ ಗುಣ ಹೋಗ್ತದ."

"ಬಾಯಿಗಿ ಆಣಿ ಹಾಕಿದಿ, ವಾಸನಿಗಿ ಹಾಕಲಿಲ್ಲ. ಓಣಿ ತುಂಬ ಡಂಗುರ ಹೊಡಿಯಾಕತ್ತದ ಅದು."

ಜಂಬಮ್ಮನಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು. ಕಷಾಯದ ಬೇರು ಕೊಟ್ಟವನು ಕುರ್ಡಿ ಊರಿನ ಮುದುಕಪ್ಪ, ಆಕೆಯ ಸೋದರಮಾವ. ತಾಯಿ ಇಲ್ಲದ ಕೂಸನ್ನು ಮಗಳ ಹಾಗೆ ಸಾಕಿದವನು. ಬೇರು ಕೊಟ್ಟು ಯಾರಿಂದಲೂ ಏನೂ ಪಡೆದವನಲ್ಲ. ಆದರೆ ಬೇರಿನ ಹೆಸರು ಹೊರಗೆ ಬಿದ್ದರೆ ಅದರ ಶಕ್ತಿ ಮಣ್ಣಿಗೆ ಹೋಗುತ್ತದೆಂದು ಆತ ಹಿರಿಯರಿಂದ ಕೇಳಿದ್ದ. ಆದ್ದರಿಂದ ಜಂಬಮ್ಮನ ಕೈಯಿಂದ ಎಲೆ ಅಡಿಕೆ ಇಸಿದುಕೊಂಡು ಮಾತು ತೆಗೆದುಕೊಂಡಿದ್ದ. ಎಲೆ ಅಡಿಕೆ ಕೊಟ್ಟ ಮಾತೆಂದರೆ ಆ ಸೀಮೆಯಲ್ಲಿ ದೇವರ ಮುಂದಿನ ಮಾತು. ಹೇಳಿದರೆ ಮಾವನ ಮನಸ್ಸು ಒಡೆಯುತ್ತದೆ. ಹೇಳದಿದ್ದರೆ ಆಸ್ಪತ್ರೆಯ ಔಷಧಿ ಹೊಸ್ತಿಲಾಚೆಯೇ ನಿಲ್ಲುತ್ತದೆ. ಏನು ಮಾಡಲಿ ಎಂದು ನಿನ್ನೆ ರಾತ್ರಿಯೆಲ್ಲ ಜಂಬಮ್ಮ ಶಿವನನ್ನೇ ಕೇಳಿದ್ದಳು.

ರಂಜಾನಬಿ ಪಕ್ಕಕ್ಕೆ ಕುಳಿತಳು. "ಮದಿವ್ಯಾದಾಗಿಂದ ನೀ ಗಂಡನ ಹೆಸರು ಬಾಯಾಗ ತಂದಾಕಿ ಅಲ್ಲ. ಆಸ್ಪತ್ರ್ಯಾಗ ಚೀಟಿ ಮಾಡ್ಸುವಾಗ ಕೇಳಿದ್ರಲ್ಲ, ಏನ್ ಮಾಡಿದಿ?"

"ಹೇಳಿದೆ. ಬಿಡಬೇಕಲ್ಲ ಅವ್ರು."

"ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತದ ಅಂತಿದ್ರು. ನೋಡು, ಎರಡನೇ ಕಪ್ಪು ಚಹಾ ಕುಡ್ಯಾಕತ್ಯಾನ."

"ನನ್ನ ಚಹಾದ ಮ್ಯಾಲ ಯಾಕವ್ವಾ ಕಣ್ಣು?" ಎಂದು ದುರುಗಪ್ಪ ಕಪ್ಪು ಕೆಳಗಿಟ್ಟ.

ರಂಜಾನಬಿ ನಗಲಿಲ್ಲ. "ನನಗೂ ಇದೇ ರೋಗ ಬಂದಿತ್ತಲ್ಲ ಜಂಬವ್ವ. ವಾಂತಿ ಆಗಿ ಆಗಿ ಸಾಕಾಗಿತ್ತು. ಮಾನ್ವಿಯಿಂದ ನನ್ನ ತಂಗಿ ಜಾಹೆದಾ ಯಾವುದೋ ಪುಡಿ ತಂದ್ಲು. ಅದನ್ನ ಸೆರಗಿನಾಗ ಕಟ್ಕೊಂಡು ಹೋಗಿ ಡಾಕ್ಟರಮ್ಮನ ಮುಂದ ಇಟ್ಟೆ. ಬೈಲಿಲ್ಲ. ಇದು ಬ್ಯಾಡ, ಕೀಮೋ ಸಂಗಡ ಜಗಳಾ ತಗೀತದ ಅಂದ್ರು. ಮತ್ತ ಯಾವುದು ನಡೀತದ ಅದನ್ನೂ ಹೇಳಿದ್ರು. ವಾಂತಿಗಿ ಸ್ವಲ್ಪ ಹಸಿ ಶುಂಠಿ ಹಾಕಿದ ಚಹಾ. ಮೈಯಾಗ ಕಸುವು ಇದ್ದಷ್ಟು ಸಂಜಿಕಿ ಅಡ್ಡಾಡೋದು. ಯೋಗ ಕಲಿಸಾಕಿ ಒಬ್ಬಾಕಿ ಕುಂತಲ್ಲೇ ನಿಧಾನ ಉಸಿರು ತಗೊಂಡು ಬಿಡೋದು ಕಲಿಸಿದ್ಲು. ಅಂಜಿಕಿ ಇಳೀತು, ನಿದ್ದಿ ಬಂತು. ದುವಾ, ದೇವರ ಪ್ರಾರ್ಥನಿ, ಅದನ್ನಂತೂ ಯಾರೂ ಬ್ಯಾಡ ಅನ್ನಲಿಲ್ಲ."

"ಅಷ್ಟಕ್ಕ ರೋಗ ಹೋತೇನು?" ದುರುಗಪ್ಪ ಕೇಳಿದ.

"ರೋಗಕ್ಕ ಆಪರೇಷನ್ನು, ಕೀಮೋ ಬೇಕೇ ಬೇಕು, ಅದು ಕಂಬ. ಇವು ಕಂಬಕ್ಕ ಕೊಟ್ಟ ಆಸರಾ. ಕಂಬ ತಗದು ಬರೇ ಆಸರದ ಮ್ಯಾಲ ಮನಿ ನಿಲ್ಲಂಗಿಲ್ಲಣ್ಣ."

ಜಂಬಮ್ಮ ಒಲೆಯ ಮೇಲಿನ ಗಡಿಗೆಯ ಕಡೆ ನೋಡಿದಳು. "ಮತ್ತ ಮಾವಗ ಕೊಟ್ಟ ಮಾತು?"

"ನೀ ಬದುಕಲಿ ಅಂತ ತಾನೇ ಆತ ಮಾತು ತಗೊಂಡಿದ್ದು? ನೀನೇ ಇಲ್ಲಂದ್ರ ಆ ಮಾತು ಇಟ್ಕೊಂಡು ಆ ಮುದುಕ ಏನ್ ಮಾಡ್ತಾನ?"

ಜಂಬಮ್ಮ "ಶಿವಾ" ಎಂದು ಎದ್ದಳು. ಕಷಾಯದ ಗಡಿಗೆಯನ್ನು ತಾನೇ ಒಲೆಯಿಂದ ಇಳಿಸಿದಳು.

ಮರುದಿನ ಬೇರಿನ ಗಂಟು ಕಟ್ಟಿಕೊಂಡು ಗಂಡ ಹೆಂಡತಿ ರಾಯಚೂರಿನ ಬಸ್ಸು ಹತ್ತಿದರು. ಡಾಕ್ಟರಮ್ಮ ಅನುರಾಧಾ ಅವರ ಮುಂದೆ ಜಂಬಮ್ಮ ಗಂಟು ಬಿಚ್ಚಿ ಹೆಸರು ಹೇಳಿದಳು. ಆ ಹೆಸರು ನಮಗೆ ನಿಮಗೆ ಬೇಡ. ಬೇಕಾಗಿದ್ದುದು ಡಾಕ್ಟರಿಗೆ, ಅವರಿಗೆ ಸಿಕ್ಕಿತು.

"ಹೇಳಿದ್ದು ಚೊಲೋ ಆತಮ್ಮ," ಎಂದರು ಅವರು. "ಇದರಿಂದನೇ ಲಿವರ್ ಕೆಟ್ಟದ ಅಂತ ಇವತ್ತೇ ಹೇಳಾಕ ಬರಂಗಿಲ್ಲ. ಇದನ್ನ ಬಿಡ್ರಿ, ಮತ್ತ ರಕ್ತ ನೋಡೂಣು."

"ವಿಭೂತಿ ಹಚ್ಕೊಂಡ್ರ ನಡೀತದೇನ್ರಿ?"

"ಹಣಿ ತುಂಬ ಹಚ್ಕೋರಿ. ನುಂಗೋದು ಏನಿದ್ರೂ ನನ್ನ ಕೇಳ್ರಿ."

ಕಷಾಯ ನಿಂತಿತು. ಕೆಲವು ವಾರಗಳಲ್ಲಿ ಲಿವರ್ ಸುಧಾರಿಸಿ, ತಡೆದಿದ್ದ ಕೀಮೋ ಮತ್ತೆ ಶುರುವಾಯಿತು. ಮುಂದಿನ ದಾರಿ ಇನ್ನೂ ಇದೆ. ಈಗ ಜಂಬಮ್ಮ ಬೆಳಿಗ್ಗೆ ಪಂಚಾಕ್ಷರಿ ಜಪದ ಲಯಕ್ಕೆ ಉಸಿರು ಎಳೆದು ಬಿಡುತ್ತಾಳೆ. ದುರುಗಪ್ಪ ಶುಂಠಿ ಜಜ್ಜುವುದನ್ನು ಕಲಿತಿದ್ದಾನೆ.

ಅಕ್ಕಂದಿರೇ, ತಾಯಂದಿರೇ, ಅವರ ಮನೆಯವರೇ, ಕ್ಯಾನ್ಸರಿನ ಚಿಕಿತ್ಸೆಯನ್ನು ಯಾರ ಮಾತಿಗೂ ನಡುವೆ ಬಿಡಬೇಡಿ. ಯೋಗ, ಪ್ರಾರ್ಥನೆ, ನಡಿಗೆ, ಒಳ್ಳೆಯ ಊಟ ನಿಮಗೆ ಬಲ ಕೊಡುತ್ತವೆ; ಎಷ್ಟು, ಹೇಗೆ ಎಂದು ಡಾಕ್ಟರನ್ನು ಕೇಳಿ ಮಾಡಿ. ಬೇರು, ಪುಡಿ, ಕಷಾಯ, ಗುಳಿಗೆ ಯಾರೇ ಪ್ರೀತಿಯಿಂದ ಕೊಟ್ಟರೂ, ಈಗಾಗಲೇ ತೆಗೆದುಕೊಳ್ಳುತ್ತಿದ್ದರೂ, ಅದನ್ನು ಕೈಯಲ್ಲಿ ಹಿಡಿದು ಹೋಗಿ ತೋರಿಸಿ. ನಾಚಿಕೆ ಬೇಡ, ಅಂಜಿಕೆ ಬೇಡ.

ಇನ್ನು ಮುದುಕಪ್ಪನ ಸಂಗತಿ. ಜಂಬಮ್ಮ ತಾನೇ ಫೋನು ಮಾಡಿ ಮಾವನಿಗೆ ಎಲ್ಲ ಹೇಳಿದ್ದಳು. ಆತ ಫೋನು ಇಟ್ಟುಬಿಟ್ಟಿದ್ದ. ಒಂದು ಸೋಮವಾರ ಕುರ್ಡಿಯಿಂದ ಬಂದ. ಬಾಗಿಲಲ್ಲೇ ನಿಂತು ಆಕೆಯ ಮುಖವನ್ನು ನೋಡಿದ. ಆಮೇಲೆ ಅಂಗಿಯ ಕಿಸೆಯಿಂದ ಎಲೆ ಅಡಿಕೆ ತೆಗೆದು, "ನಿನ್ನ ಮಾತು ನನ್ನ ಹತ್ರ ಇತ್ತಲ್ಲವ್ವಾ, ತಗೋ, ತಿರುಗಿ ಕೊಟ್ಟೀನಿ" ಎಂದು ಆಕೆಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದ.